ಹಾರುವ ಹಕ್ಕಿ ತೆಗೆದರೆ ಬರೀ ಬೆನ್ನು, ಬಾಲ ಬರುತ್ತಿದೆ. ಏನು ಮಾಡಲಿ?

ಕಾವೇರಿದಂಡೆ
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು. ಕೂತ ಹಕ್ಕಿಗಳ ಫೋಟೊ ಎರಡು ವರ್ಷದಿಂದ ತೆಗೆಯುತ್ತಿದ್ದೇನೆ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್‌ನಲ್ಲಿ 150-600 ಎಂಎಂ ಜೂಮ್ ಲೆನ್ಸ್ ತಗೊಂಡೆ. ಹಾರುವ ಹಕ್ಕಿ ಹಿಡಿಯಬೇಕು ಅಂತ ಬಹಳ ದಿನದ ಆಸೆ. ಮೂರು ಭಾನುವಾರ ರಂಗನತಿಟ್ಟಿಗೆ ಹೋದೆ. ಮನೆಯಲ್ಲಿ ಊಟ ಮುಗಿಸಿ ಹೊರಟು ಮೂರು ಗಂಟೆ ಹೊತ್ತಿಗೆ ಅಲ್ಲಿರುತ್ತೇನೆ.

ಇದುವರೆಗೆ 1,400 ಫೋಟೊ ಆಗಿವೆ. ಇಟ್ಟುಕೊಳ್ಳುವಂಥವು 11. ಆ 11ರಲ್ಲಿ 9 ಬರೀ ಬೆನ್ನು, ಬಾಲ. ಬಣ್ಣದ ಕೊಕ್ಕರೆ ಗೂಡಿಗೆ ಇಳಿಯುವಾಗಲೂ ಅಷ್ಟೇ, ಕೊಕ್ಕಿನ ಕೆಳಗೆ ಚೀಲ ಇರುವ ಹೆಜ್ಜಾರ್ಲೆ ನೀರಿನಿಂದ ಏಳುವಾಗಲೂ ಅಷ್ಟೇ. ಬಿಸಿಲು ನನ್ನ ಬೆನ್ನಿಗೆ ಇರುವ ಹಾಗೆ ನೋಡಿಕೊಂಡೇ ತೆಗೆಯುತ್ತೇನೆ. ಶಟರ್ (ತೆರೆದಿರುವ ಸಮಯ) 1/1000 ಸೆಕೆಂಡ್, ಅಪರ್ಚರ್ (ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವ ಅಳತೆ) 6.3, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಆಟೋ. ತಪ್ಪು ಎಲ್ಲಾಗುತ್ತಿದೆ? ಕ್ಯಾಮೆರಾ ಬದಲಿಸಬೇಕಾ?

ಶಟರ್‌ಸದ್ದು
1/1000 ಸಾಲದು. ಕೊಕ್ಕರೆ, ಹೆಜ್ಜಾರ್ಲೆಯಂಥ ದೊಡ್ಡ ಹಕ್ಕಿಗೆ 1/2000 ಇಡಿ. ನೀರಿನ ಮೇಲೆ ಚುರುಕಾಗಿ ಹಾರುವ ರೀವ, ಮಿಂಚುಳ್ಳಿಗೆ 1/3200ಕ್ಕಿಂತ ನಿಧಾನ ಬೇಡ. ಐಎಸ್‌ಒ ಏರುತ್ತೆ ಅಂತ ಹೆದರಬೇಡಿ. ಸ್ವಲ್ಪ ಕಾಳು ಕಾಳಾಗಿರುವ ಫೋಟೊ ಸರಿಮಾಡಬಹುದು, ಅಲ್ಲಾಡಿದ ಫೋಟೊ ಸರಿಮಾಡಲು ಆಗುವುದಿಲ್ಲ. ಫೋಕಸ್ ಕಂಟಿನ್ಯುಯಸ್‌ನಲ್ಲಿ, ಅಂದರೆ ಹಕ್ಕಿ ಸರಿದ ಹಾಗೆ ಫೋಕಸ್ಸೂ ಸರಿಯುವ ಮೋಡ್‌ನಲ್ಲಿ, ಇದೆಯಾ ನೋಡಿ. ಕೂತ ಹಕ್ಕಿಗೆ ಇಟ್ಟಿದ್ದ ಸಿಂಗಲ್ ಮೋಡ್‌ನಲ್ಲೇ ಮರೆತು ಬಿಟ್ಟಿರುತ್ತಾರೆ, ತುಂಬಾ ಜನ.

ಮಲೆನಾಡಿನವಳು
ಫೋಕಸ್ ಮಾಡುವ ಕೆಲಸ ಶಟರ್ ಬಟನ್‌ನಿಂದ ಬೇರೆ ಮಾಡಿ, ಕ್ಯಾಮೆರಾ ಹಿಂದಿನ ಬಟನ್‌ಗೆ ಹಾಕಿ ಹೆಬ್ಬೆರಳಿಗೆ ಕೊಡಿ. ಒಂದು ವಾರ ಕಷ್ಟ, ಆಮೇಲೆ ಬೇರೆ ಥರ ತೆಗೆಯೋಕೇ ಆಗಲ್ಲ.

ಬದುವಿನ ಮೇಲೆ
ಇವರು ಕೇಳಿದ್ದು ಶಾರ್ಪ್‌ನೆಸ್ ಬಗ್ಗೆ ಅಲ್ಲ. ಯಾಕೆ ಬರೀ ಬೆನ್ನು ಬರುತ್ತೆ ಅಂತ. ಅದಕ್ಕೆ ಉತ್ತರ ಗಾಳಿ.

ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಎದುರು ಗಾಳಿ ರೆಕ್ಕೆಯ ಮೇಲೆ ಹರಿದರೆ ಕಡಿಮೆ ವೇಗದಲ್ಲೇ ಮೇಲೇಳಬಹುದು, ಇಳಿಯುವಾಗ ನಿಧಾನವಾಗಿ ಬಂದು ಕೂರಬಹುದು. ಹೆಜ್ಜಾರ್ಲೆಯಂಥ ಭಾರದ ಹಕ್ಕಿ ಇದನ್ನು ಬಿಡುವುದೇ ಇಲ್ಲ. ಈಗ ಚಳಿಗಾಲ. ನಮ್ಮ ಕಡೆ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ನೀವು ಹೋಗುವುದು ಮೂರು ಗಂಟೆಗೆ. ಸೂರ್ಯ ಪಶ್ಚಿಮಕ್ಕೆ ವಾಲಿರುತ್ತಾನೆ. ಬಿಸಿಲನ್ನು ಬೆನ್ನಿಗೆ ಇಟ್ಟುಕೊಂಡರೆ ನಿಮ್ಮ ಮುಖ ಪೂರ್ವಕ್ಕೆ. ಹಕ್ಕಿಯ ಮುಖವೂ ಪೂರ್ವಕ್ಕೆ. ಇನ್ನು ಬೆನ್ನಲ್ಲದೆ ಏನು ಕಾಣಬೇಕು ಹೇಳಿ?

ಬೆಳಿಗ್ಗೆ ಹೋಗಿ. ಸೂರ್ಯನೂ ಪೂರ್ವದಲ್ಲಿ, ಗಾಳಿಯೂ ಪೂರ್ವದಿಂದ. ಎರಡೂ ನಿಮ್ಮ ಬೆನ್ನ ಹಿಂದೆ. ಇಳಿಯುವ ಹಕ್ಕಿ ನೇರ ನಿಮ್ಮ ಕಡೆ ಬರುತ್ತದೆ, ಮುಖದ ತುಂಬ ಬಿಸಿಲು ಇರುತ್ತದೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದ್ದು, ಆಗ ಸಂಜೆ ಒಳ್ಳೆಯದು. ನಮ್ಮ ಗದ್ದೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ ಬರುತ್ತವಲ್ಲ, ಅವನ್ನೇ ನೋಡುತ್ತಾ ಇದನ್ನು ಕಲಿತೆ. ಕ್ಯಾಮೆರಾ ತಗೊಂಡಿದ್ದು ಎಷ್ಟೋ ವರ್ಷ ಆದ ಮೇಲೆ.

ಕಾವೇರಿದಂಡೆ
ಈಗಷ್ಟೇ ಎಲ್ಲ ಫೋಟೊದ ಟೈಮ್ ನೋಡಿದೆ. ಒಂಬತ್ತಕ್ಕೆ ಒಂಬತ್ತೂ 3:10ರಿಂದ 4:40ರ ಒಳಗೆ. ಹಿಂದಿನ ಬಿದಿರಿನ ಎಲೆಗಳೆಲ್ಲ ನನ್ನ ಕಡೆಗೇ ಬಾಗಿವೆ. ಎರಡು ವರ್ಷ ಕೂತ ಹಕ್ಕಿ ತೆಗೆದರೂ ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ಒಂದು ಸಲವೂ ನೋಡಿರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್.

ಮಿರರ್‌ಲೆಸ್_ಹುಡುಗ
ಗಾಳಿ ಎಲ್ಲ ಸರಿ. ಆದರೆ ಈಗಿನ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯುತ್ತವೆ. ನಾನು ಹೋದ ವರ್ಷ ಬದಲಿಸಿದೆ. ಮೊದಲು ನೂರಕ್ಕೆ ಹತ್ತು ಬರುತ್ತಿತ್ತು, ಈಗ ಎಪ್ಪತ್ತು. ದುಡ್ಡಿದ್ದರೆ ಬದಲಿಸಿ ಅಂತಲೇ ಹೇಳುತ್ತೇನೆ.

ಹಳೇ ರೀಲು
ಎಪ್ಪತ್ತು ಬರುವುದು ಒಪ್ಪುತ್ತೇನೆ. ಆದರೆ ಆ ಎಪ್ಪತ್ತರಲ್ಲಿ ಹಕ್ಕಿ ಏನು ಮಾಡುತ್ತಿದೆ ಅನ್ನುವುದು ಮುಖ್ಯ ತಾನೆ?

ನಾನು ಶುರುಮಾಡಿದಾಗ ರೀಲಿಗೆ 36 ಫೋಟೊ. 400 ಎಂಎಂ ಲೆನ್ಸ್, ಫೋಕಸ್ ಕೈಯಲ್ಲೇ ತಿರುಗಿಸಬೇಕು. ಊರ ಕೆರೆಯಲ್ಲಿ ಕಪ್ಪು ಬಿಳಿ ಮಿಂಚುಳ್ಳಿ ಒಂದು ಜೋಡಿ ಇತ್ತು. ಮೊದಲ ಎರಡು ವಾರ ಕ್ಯಾಮೆರಾ ಬ್ಯಾಗಿನಿಂದ ತೆಗೆಯಲೇ ಇಲ್ಲ. ಸುಮ್ನೆ ಕೂತು ನೋಡಿದೆ. ಅದು ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ, ಕೊಕ್ಕು ನೇರ ಕೆಳಕ್ಕೆ. ಒಂದೇ ಏಟಿಗೆ ಬೀಳುತ್ತೆ ಅಂದುಕೊಂಡಿದ್ದೆ. ಎಷ್ಟೋ ಸಲ ಹಾಗಲ್ಲ. ಒಂದಾಳು ಎತ್ತರ ಇಳಿದು ಮತ್ತೆ ನಿಲ್ಲುತ್ತೆ. ಇನ್ನಷ್ಟು ಇಳಿದು ಮತ್ತೆ ನಿಲ್ಲುತ್ತೆ. ಮೆಟ್ಟಿಲಿಳಿದ ಹಾಗೆ. ಆಮೇಲೆ ರೆಕ್ಕೆ ಮಡಚಿ ಬಿದ್ದೇಬಿಡುತ್ತೆ. ಆ ನಿಲ್ಲುವ ಜಾಗಕ್ಕೆ ಮೊದಲೇ ಫೋಕಸ್ ಇಟ್ಟುಕೊಂಡು ಕಾದೆ. ಮೂರನೇ ವಾರ ಒಂದು ರೀಲು ಖರ್ಚಾಯಿತು, ನಾಲ್ಕು ಫೋಟೊ ಬಂದವು. ಆ ನಾಲ್ಕೂ ಇವತ್ತಿಗೂ ಗೋಡೆಯ ಮೇಲಿವೆ.

ಇನ್ನೊಂದು ನೋಡಿದೆ. ಬೇರೆ ಮಿಂಚುಳ್ಳಿಗಳು ಮೀನು ಹಿಡಿದು ಕೊಂಬೆಗೆ ಬಂದು ಕುಟ್ಟಿ ತಿನ್ನುತ್ತವೆ. ಇದು ಮೀನು ಸಣ್ಣದಾದರೆ ಹಾರುತ್ತಲೇ ನುಂಗುತ್ತದೆ. ಇದನ್ನು ಯಾವ ಕ್ಯಾಮೆರಾವೂ ಮೊದಲೇ ಹೇಳುವುದಿಲ್ಲ.

ಮಿರರ್‌ಲೆಸ್_ಹುಡುಗ
ಸರ್, ನೋಡಬೇಡಿ ಅಂತ ನಾನೆಲ್ಲಿ ಹೇಳಿದೆ? ಫೋಕಸ್ ಚಿಂತೆ ಕ್ಯಾಮೆರಾಗೆ ಬಿಟ್ಟರೆ ನೋಡೋಕೆ ಜಾಸ್ತಿ ಪುರುಸೊತ್ತು ಸಿಗುತ್ತೆ, ಅಷ್ಟೇ. ನಿಮ್ಮ ಮಿಂಚುಳ್ಳಿ ವಿಷಯ ಮಾತ್ರ ನನಗೆ ಗೊತ್ತೇ ಇರಲಿಲ್ಲ.

ವೀಕೆಂಡ್_ಕ್ಲಿಕ್
ಇಷ್ಟೆಲ್ಲ ಯಾಕೆ? ಸುಲಭದ ದಾರಿ ಇದೆ. ಸರಿಯಾದ ಬೆಳಕಿನಲ್ಲಿ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. ಇಲ್ಲ ನೀರಿಗೆ ಒಂದು ಸಣ್ಣ ಕಲ್ಲು. ಇಡೀ ಗುಂಪು ಏಳುತ್ತೆ, ಹತ್ತು ಸೆಕೆಂಡಿನಲ್ಲಿ ಇನ್ನೂರು ಫೋಟೊ. ಹಕ್ಕಿಗೇನೂ ಆಗಲ್ಲ, ಒಂದು ಸುತ್ತು ಹೊಡೆದು ಬಂದು ಕೂರುತ್ತವೆ.

ಮಲೆನಾಡಿನವಳು
ದಯವಿಟ್ಟು ಹೀಗೆ ಹೇಳಬೇಡಿ. ಹೊಸಬರು ಓದುವ ಜಾಗ ಇದು.

ಲಕ್ಕವಳ್ಳಿ ಕಡೆಯವ
ಹಕ್ಕಿಗೇನೂ ಆಗಲ್ಲ ಅಂತ ಬರೆದಿದ್ದೀರಲ್ಲ, ಅದಕ್ಕೆ ಇದನ್ನು ಬರೆಯಲೇಬೇಕು.

ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರು ಇಳಿದಾಗ ನಡುಗಡ್ಡೆಗಳು ಏಳುತ್ತವೆ. ಅಲ್ಲಿ ನದಿ ರೀವಗಳು ಸಾವಿರಗಟ್ಟಲೆ ಬಂದು ಮರಿ ಮಾಡುತ್ತವೆ. ಗೂಡು ಅಂದರೆ ಗೂಡಿಲ್ಲ. ಬರೀ ನೆಲದಲ್ಲಿ ಒಂದು ಗುಳಿ, ಅದರಲ್ಲಿ ಎರಡೋ ಮೂರೋ ಮೊಟ್ಟೆ. ಮಣ್ಣಿನದೇ ಬಣ್ಣ. ಒಂದು ಸಲ ಏಪ್ರಿಲ್‌ನಲ್ಲಿ ದೂರದ ದಡದಿಂದ ಬೈನಾಕ್ಯುಲರ್‌ನಲ್ಲಿ ನೋಡುತ್ತಿದ್ದೆ. ಫೋಟೊ ತೆಗೆಯುವವರ ಒಂದು ದೋಣಿ ನಡುಗಡ್ಡೆಗೆ ತಾಗುವಷ್ಟು ಹತ್ತಿರ ಹೋಯಿತು. ಎಲ್ಲ ಹಕ್ಕಿಗಳೂ ಒಟ್ಟಿಗೆ ಎದ್ದವು. ನೋಡಲು ಬಿಳಿ ಮೋಡ ಎದ್ದ ಹಾಗಿತ್ತು, ಫೋಟೊ ಚೆನ್ನಾಗಿಯೇ ಬಂದಿರುತ್ತದೆ. ಸಮಯ ಹನ್ನೆರಡೂವರೆ. ಮತ್ತೆ ಎಲ್ಲ ಕೂರಲು ಇಪ್ಪತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತು ಮೊಟ್ಟೆಗಳು ಬರೀ ಬಿಸಿಲಿನಲ್ಲಿ.

ಮೊಟ್ಟೆಯ ಮೇಲೆ ಹಕ್ಕಿ ಕೂರುವುದು ಕಾವು ಕೊಡಲು ಮಾತ್ರ ಅಂದುಕೊಳ್ಳುತ್ತೇವೆ. ಏಪ್ರಿಲ್ ಮಧ್ಯಾಹ್ನ ಅದು ಕೂರುವುದು ನೆರಳು ಕೊಡಲು. ಹೊಟ್ಟೆಯ ಗರಿಗಳನ್ನು ನೀರಿಗೆ ಅದ್ದಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುವುದನ್ನು ನಾನೇ ನೋಡಿದ್ದೇನೆ. ಅಷ್ಟು ಜತನದಿಂದ ತಂಪು ಮಾಡುವ ಹಕ್ಕಿಯನ್ನು ಓಡಿಸಿದರೆ ಒಳಗಿನ ಮರಿ ಬೇಯುತ್ತದೆ. ಹೊರಗಿನಿಂದ ಮೊಟ್ಟೆ ಹಾಗೇ ಕಾಣುತ್ತದೆ. ಅದಕ್ಕೇ ಏನೂ ಆಗಲಿಲ್ಲ ಅಂತ ನಮಗೆ ಅನಿಸುವುದು.

ವೀಕೆಂಡ್_ಕ್ಲಿಕ್
ಅದು ಮೊಟ್ಟೆ ಇಡುವ ಜಾಗ, ಒಪ್ಪಿದೆ. ನಾನು ಹೇಳಿದ್ದು ಕೆರೆಯಲ್ಲಿ ಸುಮ್ಮನೆ ಕೂತ ಬಾತುಗಳ ಬಗ್ಗೆ. ನಾಯಿ ಬಂದರೆ ಏಳುತ್ತವೆ, ಹದ್ದು ಬಂದರೆ ಏಳುತ್ತವೆ. ನಾನು ಒಂದು ಸಲ ಎಬ್ಬಿಸಿದರೆ ಏನಂತೆ?

ಗದಗ ಸೀಮೆ
ಒಂದು ಸಲ ಅಂತ ನೀವಂತೀರಿ. ನಿಮ್ಮ ಹಿಂದೆ ಬಂದವರೂ ಒಂದು ಸಲ ಅಂತಾರ‍್ರೀ. ನಮ್ಮ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳವು. ಹೊಲದಲ್ಲಿ ಮೇಯ್ದು ಬಂದು ಹಗಲು ಕೆರೆಯಲ್ಲಿ ದಣಿವಾರಿಸಿಕೊಳ್ಳುತ್ತವೆ. ಬೇಸಿಗೆ ಬರುವುದರೊಳಗೆ ಮೈಯಲ್ಲಿ ಕೊಬ್ಬು ತುಂಬಿಕೊಂಡು ಮತ್ತೆ ಅದೇ ಬೆಟ್ಟ ದಾಟಬೇಕು. ದಿನಕ್ಕೆ ನಾಲ್ಕು ಮಂದಿ ಎಬ್ಬಿಸಿದರೆ ತಿಂದದ್ದೆಲ್ಲ ರೆಕ್ಕೆ ಬಡಿಯೋದಕ್ಕೇ ಹೋಯಿತು.

2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಅಂಕಸಮುದ್ರ, ಅಘನಾಶಿನಿ ಅಳಿವೆಯೂ ಅದೇ ಸಲ ಸೇರಿದವು. ಹೆಸರು ಬಂತು, ಕ್ಯಾಮೆರಾನೂ ಬಂದವು. ಬರಲಿ, ನಮಗೂ ಖುಷಿ ಐತಿ. ಬೆಳಗಿನ ಜಾವ ಬಂದು ದಂಡೆ ಮೇಲೆ ಅಲ್ಲಾಡದೆ ಕೂರಿ. ಹೊಲದಿಂದ ವಾಪಸ್ ಬರೋ ಹೆಬ್ಬಾತು ಸಾಲು ತಲೆ ಮೇಲೇ ಹಾಯ್ದು ಹೋಗುತ್ತದೆ. ಚಪ್ಪಾಳೆ ಯಾಕ ಬೇಕು?

ಟೀಚರಮ್ಮ
ಗೂಡಿನ ಹತ್ತಿರ ಇನ್ನೂ ಒಂದು ಅಪಾಯ ಇದೆ. ದೊಡ್ಡ ಹಕ್ಕಿ ಎದ್ದು ಹೋದ ಕೂಡಲೇ ಕಾಗೆ ಬರುತ್ತದೆ. ಒಂದು ನಿಮಿಷವೂ ಬೇಡ, ಮೊಟ್ಟೆ ಹೋಯಿತು. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರ ನಡುವಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಎತ್ತಿನ ಗಾಡಿ ಹೋಗುತ್ತೆ, ಮಕ್ಕಳು ಆಡುತ್ತಾರೆ, ಹಕ್ಕಿ ಏಳುವುದಿಲ್ಲ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಅಲ್ಲಿನ ಹೆಂಗಸರು ಹೇಳುತ್ತಾರೆ. ನಮ್ಮ ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಒಂದು ಕೊಕ್ಕರೆ ರೆಕ್ಕೆ ಅರ್ಧ ಬಿಚ್ಚಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿತ್ತು. ಅದರ ನೆರಳಿನಲ್ಲಿ ಮೂರು ಮರಿ. ಇನ್ನೊಂದು ಕೊಕ್ಕಿನಲ್ಲಿ ನೀರು ತಂದು ಮರಿಗಳ ಮೇಲೆ ಸುರಿಯಿತು. ಒಬ್ಬ ಹುಡುಗ "ಮಿಸ್, ಸ್ನಾನ ಮಾಡಿಸ್ತಿದೆ" ಅಂದ. ಆಮೇಲೆ ಯಾರಿಗೂ ಸದ್ದು ಮಾಡಬೇಡಿ ಅಂತ ಹೇಳುವ ಅಗತ್ಯ ಬೀಳಲಿಲ್ಲ.

ವೀಕೆಂಡ್_ಕ್ಲಿಕ್
ಸರಿ. ಬಿಸಿಲಿಗೆ ಮೊಟ್ಟೆ ಬೇಯುತ್ತದೆ ಅನ್ನುವುದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ನಮ್ಮ ಗುಂಪಿನಲ್ಲಿ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ, ನೋಡಿ ಕಲಿತದ್ದು. ಇನ್ನು ಮಾಡಲ್ಲ. ಆದರೆ ಒಂದು ಪ್ರಶ್ನೆ. ಎಬ್ಬಿಸದೆ ಅದು ಯಾವಾಗ ಏಳುತ್ತೆ ಅಂತ ಗೊತ್ತಾಗುವುದು ಹೇಗೆ? ಅರ್ಧ ಗಂಟೆ ಲೆನ್ಸ್ ಎತ್ತಿ ಹಿಡಿದರೆ ಕೈ ಬಿದ್ದುಹೋಗುತ್ತೆ.

ಹಳೇ ರೀಲು
ಒಳ್ಳೆಯ ಪ್ರಶ್ನೆ. ಹಕ್ಕಿ ಏಳುವ ಮೊದಲು ಹೇಳಿಯೇ ಏಳುತ್ತದೆ.

ಹದ್ದು, ಗಿಡುಗಗಳು ಹಾರುವ ಮುಂಚೆ ಬಹಳ ಸಲ ಹಿಕ್ಕೆ ಹಾಕುತ್ತವೆ. ಬಾಲ ಎತ್ತಿದ ಕೂಡಲೇ ಕ್ಯಾಮೆರಾ ಎತ್ತಿ. ಕೊಕ್ಕರೆ ಕುತ್ತಿಗೆ ಮುಂದಕ್ಕೆ ಚಾಚಿ, ಮಂಡಿ ತಗ್ಗಿಸಿ, ಗಾಳಿಯ ಕಡೆ ತಿರುಗುತ್ತದೆ. ನೀರುಕಾಗೆ ರೆಕ್ಕೆ ಒಣಗಿಸುವಷ್ಟು ಹೊತ್ತು ಎಲ್ಲಿಗೂ ಹೋಗಲ್ಲ, ಆಗ ಕೈಗೆ ವಿಶ್ರಾಂತಿ ಕೊಡಿ. ಕಳ್ಳಿಪೀರ ಎಲ್ಲಕ್ಕಿಂತ ಸುಲಭ. ನೊಣ ಹಿಡಿಯಲು ಹಾರಿದರೆ ಬಹುಪಾಲು ಅದೇ ಕೊಂಬೆಗೆ ವಾಪಸ್ ಬರುತ್ತದೆ, ಜೇನ್ನೊಣವನ್ನು ಅಲ್ಲೇ ಉಜ್ಜಿ ಮುಳ್ಳು ತೆಗೆದು ತಿನ್ನುತ್ತದೆ. ಕೊಂಬೆಗೆ ಫೋಕಸ್ ಇಟ್ಟು ಕಾಯುವುದಷ್ಟೇ ಕೆಲಸ.

ಗೂಡಿನ ಕೊಕ್ಕರೆಗಳಲ್ಲಿ ಪಾಳಿ ನೋಡಿ. ಗಂಡು ಹೆಣ್ಣು ಎರಡೂ ಕಾವು ಕೊಡುತ್ತವೆ. ಒಂದು ಬಂದು ಇಳಿಯಿತು ಅಂದರೆ ಇಬ್ಬರೂ ತಲೆ ಬಾಗಿಸಿ, ಕೊಕ್ಕು ಕಟಕಟ ಅನ್ನಿಸುತ್ತಾರೆ. ಕೂತಿದ್ದದ್ದು ಎದ್ದು ಮೈ ಮುರಿಯುತ್ತದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅದು ಹೊರಡುತ್ತದೆ ಅಂತಲೇ ಲೆಕ್ಕ.

ಶಟರ್‌ಸದ್ದು
ಈ ಪಾಳಿ ವಿಷಯ ಚಿನ್ನದಂಥದ್ದು. ಹತ್ತು ವರ್ಷದಿಂದ ಹೋಗುತ್ತಿದ್ದೇನೆ, ಗಮನಿಸಿರಲಿಲ್ಲ.

ಕಡಲತಡಿ
ಮಾರಾಯ್ರೇ, ಅಭ್ಯಾಸಕ್ಕೆ ಪಕ್ಷಿಧಾಮವೇ ಆಗಬೇಕು ಅಂತ ಯಾರು ಹೇಳಿದ್ದು? ಮಂಗಳೂರಿನ ಮೀನುಗಾರಿಕೆ ಬಂದರಿಗೆ ಬೆಳಿಗ್ಗೆ ಬನ್ನಿ. ದೋಣಿ ಬಂದು ಮೀನು ಇಳಿಸುವಾಗ ಗರುಡ, ಹದ್ದು ತಲೆ ಮೇಲೆಯೇ ಸುತ್ತುತ್ತವೆ. ಅವಕ್ಕೆ ಜನರ ಹೆದರಿಕೆ ಇಲ್ಲ. ಹದ್ದು ತಿರುಗುವಾಗ ಬಾಲವನ್ನೇ ನೋಡಿ. ಮೊದಲು ಬಾಲ ಒಂದು ಕಡೆ ತಿರುಚುತ್ತದೆ, ಆಮೇಲೆ ಮೈ ತಿರುಗುತ್ತದೆ. ಬಾಲ ನೋಡಿದರೆ ಎತ್ತ ಹೋಗುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಗರುಡ ಹಾರುತ್ತಲೇ ಕಾಲಿನಲ್ಲಿರುವ ಮೀನಿಗೆ ಬಾಯಿ ಹಾಕುವುದೂ ಉಂಟು. ಒಂದು ತಿಂಗಳು ಹದ್ದನ್ನೇ ತೆಗೆಯಿರಿ, ಕೈ ತಾನಾಗಿ ಹದಕ್ಕೆ ಬರುತ್ತದೆ.

ಮಲೆನಾಡಿನವಳು
ಬಂದರಿಲ್ಲದವರಿಗೆ ತಾರಸಿ ಮೇಲಿನ ಪಾರಿವಾಳ.

ಮುಂಗಾರು
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಬೆಳ್ಳಕ್ಕಿ ಫೋಟೊದಲ್ಲಿ ಬಿಳಿ ಎಲ್ಲ ಸುಟ್ಟುಹೋಗಿ ಗರಿಯೇ ಕಾಣಲ್ಲ. ಹದ್ದು ತೆಗೆದರೆ ಕರಿ ಮುದ್ದೆ. ಒಂದೇ ದಿನ, ಒಂದೇ ಬಿಸಿಲು. ಯಾಕೆ?

ಶಟರ್‌ಸದ್ದು
ಕ್ಯಾಮೆರಾ ಹಿನ್ನೆಲೆ ನೋಡಿ ಲೆಕ್ಕ ಹಾಕುತ್ತದೆ. ಬೆಳ್ಳಕ್ಕಿಯ ಹಿಂದೆ ಕಪ್ಪು ಮರ ಇದ್ದರೆ ಎಲ್ಲವನ್ನೂ ಬೆಳಗಿಸುತ್ತದೆ, ಬಿಳಿ ಸುಡುತ್ತದೆ. ಹದ್ದಿನ ಹಿಂದೆ ಹೊಳೆಯುವ ಆಕಾಶ, ಹಾಗಾಗಿ ಎಲ್ಲವನ್ನೂ ಕತ್ತಲು ಮಾಡುತ್ತದೆ. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಬದಲಾಗಿಲ್ಲ. ಐಎಸ್‌ಒ ಆಟೋ ತೆಗೆದುಬಿಡಿ. ಬಿಸಿಲಿನಲ್ಲಿರುವ ಒಂದು ಬೆಳ್ಳಕ್ಕಿಗೆ ಗರಿ ಕಾಣುವ ಹಾಗೆ ಶಟರ್, ಅಪರ್ಚರ್, ಐಎಸ್‌ಒ ಮೂರನ್ನೂ ಕೈಯಲ್ಲೇ ಹೊಂದಿಸಿ. ಬಿಸಿಲು ಬದಲಾಗುವವರೆಗೂ ಮುಟ್ಟಬೇಡಿ. ಹಕ್ಕಿ ಮರದ ಮುಂದೆ ಹೋದರೂ ಆಕಾಶಕ್ಕೆ ಹೋದರೂ ಒಂದೇ ಥರ ಬರುತ್ತದೆ. ಪೂರ್ತಿ ಕಪ್ಪು ಹಕ್ಕಿಗೆ ಮಾತ್ರ ಸ್ವಲ್ಪ ಬೆಳಕು ಜಾಸ್ತಿ ಕೊಡಿ.

ಬದುವಿನ ಮೇಲೆ
ಇದರ ಜೊತೆ ಇನ್ನೊಂದು. ಹತ್ತು ಗಂಟೆಯ ಮೇಲೆ ನೀರಿನ ಮೇಲೆ ದೂರದ ಹಕ್ಕಿ ತೆಗೆಯಬೇಡಿ. ಬಿಸಿ ಗಾಳಿ ಏಳುತ್ತಾ ಎಲ್ಲ ನಡುಗುತ್ತದೆ, ಎಂಥ ಲೆನ್ಸ್ ಇದ್ದರೂ ಮಸುಕು. ಅದೇ ಬಿಸಿ ಗಾಳಿ ಕೊಕ್ಕರೆಗಳಿಗೆ ಹಬ್ಬ. ಆ ಹೊತ್ತಿಗೆ ತಲೆ ಎತ್ತಿ ನೋಡಿ, ಬಣ್ಣದ ಕೊಕ್ಕರೆಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಚುಕ್ಕಿಯಾಗುವವರೆಗೂ ಏರುತ್ತವೆ.

ಟೀಚರಮ್ಮ
ಒಂದು ಮಾತು. ಇಲ್ಲಿ ಎಲ್ಲರೂ ರೀವ, ಹೆಜ್ಜಾರ್ಲೆ, ಕಳ್ಳಿಪೀರ ಅಂತ ಬರೆಯುತ್ತಿರುವುದು ನೋಡಿ ಸಂತೋಷವಾಯಿತು. ಬೇರೆ ಕಡೆ ಕನ್ನಡದಲ್ಲೇ ಬರೆದರೂ ಹಕ್ಕಿಯ ಹೆಸರು ಬಂದಾಗ ರೀವ ಟರ್ನ್ ಆಗಿ, ಹೆಜ್ಜಾರ್ಲೆ ಪೆಲಿಕನ್ ಆಗಿಬಿಡುತ್ತದೆ. ಓಪನ್‌ಬಿಲ್ ಕೊಕ್ಕರೆಗೆ ಬಾಯ್ಕಳಕ ಅಂತ ಎಷ್ಟು ಚಂದದ ಹೆಸರಿದೆ. ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದಲ್ಲ, ಬಾಯಿ ಕಳೆದುಕೊಂಡೇ, ಅಂದರೆ ತೆರೆದುಕೊಂಡೇ, ಇರುವ ಹಕ್ಕಿ. ಹೆಸರಿನಲ್ಲೇ ಗುರುತು ಇದೆ.

ಗದಗ ಸೀಮೆ
ಖರೆ. ನಮ್ಮ ಕಡೆ ಹಿರಿಯರಿಗೆ ಇನ್ನೂ ಬೇರೆ ಬೇರೆ ಹೆಸರು ಗೊತ್ತದಾವ. ಕೇಳಿ ಬರೆದಿಡಬೇಕು.

ಕಾವೇರಿದಂಡೆ
ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎರಡು ಭಾನುವಾರ ಬೆಳಗಿನ ಮೊದಲ ದೋಣಿಗೇ ಹೋದೆ. ಹತ್ತುವ ಮೊದಲು ಒಂದು ಹಿಡಿ ಒಣಹುಲ್ಲು ಮೇಲಕ್ಕೆ ತೂರಿ ಗಾಳಿ ನೋಡಿದೆ. ಪೂರ್ವದಿಂದಲೇ. ದೋಣಿ ನಡೆಸುವ ಅಣ್ಣನಿಗೆ ಹೇಳಿದೆ, ಅವರು ನಕ್ಕು "ನಮಗದು ಗೊತ್ತು, ಯಾರೂ ಕೇಳಲ್ಲ" ಅಂದು ಸರಿಯಾದ ಕಡೆ ನಿಲ್ಲಿಸಿದರು.

ಮೊದಲ ಭಾನುವಾರ 210 ಫೋಟೊ, ಇಟ್ಟುಕೊಂಡದ್ದು 38. ಎಲ್ಲದರಲ್ಲೂ ಮುಖ ಇದೆ. ಬಾಯಲ್ಲಿ ಕಡ್ಡಿ ಹಿಡಿದು ನೇರ ನನ್ನ ಕಡೆ ಬರುವ ಬಣ್ಣದ ಕೊಕ್ಕರೆ ಒಂದಿದೆ. ಕಾಲು ಇಳಿಬಿಟ್ಟು, ಎರಡೂ ರೆಕ್ಕೆ ಛತ್ರಿಯ ಹಾಗೆ ಬಿಚ್ಚಿ, ಹಿಂದಿನ ಗುಲಾಬಿ ಗರಿಗಳ ಮೇಲೆ ಬಿಸಿಲು. ಅಮ್ಮ ನೋಡಿ ಫ್ರೇಮ್ ಹಾಕಿಸು ಅಂದರು.

ಎರಡನೇ ಭಾನುವಾರ ಒಂದು ಗಂಟೆ ಕ್ಯಾಮೆರಾ ಮುಟ್ಟದೆ ದಡದಿಂದ ಒಂದೇ ಗೂಡು ನೋಡಿದೆ. ಪಾಳಿ ಬದಲಾಗುವುದು ಕಣ್ಣಾರೆ ಕಂಡೆ. ಬಂದದ್ದು ತಲೆ ಬಾಗಿಸಿತು, ಕೂತಿದ್ದದ್ದು ಎದ್ದಿತು, ನಾಲ್ಕು ನಿಮಿಷಕ್ಕೆ ಹಾರಿತು. ಒಂದು ವಿಷಯ ಅರ್ಥವಾಗಲಿಲ್ಲ. ಒಂದು ಕೊಕ್ಕರೆ ಎಲೆ ಇರುವ ಹಸಿ ಕೊಂಬೆ ತಂದು ಗೂಡಿನ ಹತ್ತಿರ ಬಂದು, ಇಳಿಯದೆ ಮೂರು ಸಲ ಸುತ್ತು ಹೊಡೆಯಿತು. ನಾಲ್ಕನೇ ಸಲ ಇಳಿಯಿತು. ಜೋಡಿ ಬೇಡ ಅಂದಿತಾ? ಇಲ್ಲ ನನ್ನನ್ನು ನೋಡಿ ಹೆದರಿತಾ? ಹೆದರಿದ್ದರೆ ನಾನು ಇನ್ನೂ ಹಿಂದಕ್ಕೆ ಕೂರಬೇಕು.

ಹಳೇ ರೀಲು
ಕೂತಿದ್ದ ಹಕ್ಕಿ ನಿಮ್ಮ ಕಡೆ ಕುತ್ತಿಗೆ ಎತ್ತಿ ನೋಡುತ್ತಿತ್ತಾ? ಅಕ್ಕಪಕ್ಕದ ಗೂಡಿನವು ಎದ್ದು ನಿಂತವಾ? ಇಲ್ಲ ಅಂದರೆ ನಿಮ್ಮಿಂದ ಅಲ್ಲ. ಎಲೆ ಇರುವ ಕೊಂಬೆಗೆ ಗಾಳಿ ಹಿಡಿಯುತ್ತದೆ, ತಲೆ ಒಂದು ಕಡೆ ಎಳೆಯುತ್ತದೆ. ಕೊನೇ ಗಳಿಗೆಯಲ್ಲಿ ಗಾಳಿ ಹೊರಳಿದರೆ ಕೂರದೆ ಇನ್ನೊಂದು ಸುತ್ತು ಹೋಗುತ್ತದೆ. ಸುತ್ತು ಹೊಡೆಯುವಾಗ ಎಲೆಗಳು ಯಾವ ಕಡೆ ಬಾಗಿದ್ದವು ಅಂತ ಫೋಟೊ ಇದ್ದರೆ ನೋಡಿ.

ಕಾವೇರಿದಂಡೆ
ಕ್ಯಾಮೆರಾ ಕೆಳಗಿಟ್ಟಿದ್ದೆ ಸರ್, ಫೋಟೊ ಇಲ್ಲ. ಆದರೆ ಪಕ್ಕದ ಗೂಡಿನವು ಕೂತೇ ಇದ್ದವು, ಒಂದು ಗರಿ ತೀಡುತ್ತಿತ್ತು. ಬರುವ ಭಾನುವಾರ ಅದೇ ಗೂಡಿನ ಎದುರು ಕೂರುತ್ತೇನೆ. ಪಾಳಿ ಎಷ್ಟು ಹೊತ್ತಿಗೆ ಬದಲಾಗುತ್ತದೆ ಅಂತ ಪುಸ್ತಕದಲ್ಲಿ ಬರೆದಿಡುತ್ತೇನೆ.

ವೀಕೆಂಡ್_ಕ್ಲಿಕ್
ಬೆಂಗಳೂರಿನಿಂದ ಬೆಳಿಗ್ಗೆ ನಾಲ್ಕಕ್ಕೆ ಹೊರಟರೆ ಮೊದಲ ದೋಣಿ ಸಿಗುತ್ತಾ? ನಿಮ್ಮ ಜೊತೆ ನಾನೂ ಕೂರಬಹುದಾ?

ಕಾವೇರಿದಂಡೆ
ಧಾರಾಳವಾಗಿ ಸಿಗುತ್ತೆ. ಬನ್ನಿ, ಗೇಟಿನ ಹತ್ತಿರ ಕಾಯುತ್ತಿರುತ್ತೇನೆ. ತಿಂಡಿ ನಾನೇ ತರುತ್ತೇನೆ.